ಬೆಡ್ಡಿಂಗ್ ಮಾಡಿಸಿದ ಕೋವಿಯ ಸ್ಕ್ರೂ ಬಿಗಿ ಮಾಡಿ ಮಾಡಿ ಕೆಟ್ಟೆ

ಕೋವಿಗೆ ಪೂಜೆ ಮಾಡುವ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂತು. ನಮ್ಮ ಕೊಡಗಿನಲ್ಲಿ ಈಗ ಕೋವಿಗಳೆಲ್ಲ ಬೀರುವಿನಿಂದ ಹೊರಗೆ ಬಂದಿರುತ್ತವೆ. ಒರೆಸುವವರು ಒರೆಸುತ್ತಾರೆ, ಎಣ್ಣೆ ಹಾಕುವವರು ಹಾಕುತ್ತಾರೆ. ಇನ್ನು ಕೆಲವರು "ಒಂಚೂರು ಟೈಟ್ ಮಾಡಿಬಿಡೋಣ" ಅಂತ ಸ್ಕ್ರೂಡ್ರೈವರ್ ಹುಡುಕುತ್ತಾರೆ. ಈ ಕೊನೆಯವರಿಗಾಗಿ ಬರೆಯುತ್ತಿದ್ದೇನೆ. ಹೋದ ವರ್ಷ ನಾನೂ ಅದೇ ಗುಂಪಿನಲ್ಲಿದ್ದೆ.

ನನ್ನದು ಅಪ್ಪನ ಕಾಲದ ಬ್ರನೋ ಕಂಪನಿಯ ರೈಫಲ್, ಪಾಯಿಂಟ್ ಟೂ ಟೂ ಬೋರಿನದು. ಮರದ ಸ್ಟಾಕ್, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಮರದ ಭಾಗ. ಆಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಕೂರುವ ಜಾಗದಲ್ಲಿ ಮರ ಸವೆದು ಅಲುಗಾಡುತ್ತಿತ್ತು. ಪೇಟೆಯ ಒಬ್ಬ ಕೋವಿ ರಿಪೇರಿಯವರ ಹತ್ತಿರ ಬೆಡ್ಡಿಂಗ್ ಮಾಡಿಸಿದೆ. ಅಂದರೆ ಆಕ್ಷನ್‌ನ ಕೆಳಗೆ ಎಪಾಕ್ಸಿ ಅಂಟು ತುಂಬಿ, ಅದರ ಆಕಾರಕ್ಕೇ ಗಟ್ಟಿಯಾದ ಹಾಸಿಗೆ ಮಾಡುವುದು. ಕೆಲಸ ನೋಡಲು ಚೆನ್ನಾಗೇ ಇತ್ತು. ಕೋವಿ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: "ಇನ್ನು ಎಷ್ಟು ಬೇಕಾದರೂ ಬಿಗಿ ಮಾಡಿ, ಏನೂ ಆಗಲ್ಲ."

ನಂಬಿದೆ. ಮೊದಲ ತಿಂಗಳು 50 ಮೀಟರ್‌ನಲ್ಲಿ ಐದು ಗುಂಡು ಒಂದು ರೂಪಾಯಿ ನಾಣ್ಯದೊಳಗೆ ಬೀಳುತ್ತಿದ್ದವು. ಆಮೇಲೆ ಒಂದೊಂದು ಗುಂಡು ಆಚೆ ಹೋಗತೊಡಗಿತು. ನೋಡಿದರೆ ಆಕ್ಷನ್ನನ್ನು ಸ್ಟಾಕಿಗೆ ಹಿಡಿಯುವ ಎರಡು ಸ್ಕ್ರೂಗಳಲ್ಲಿ ಮುಂದಿನದು ಸ್ವಲ್ಪ ಸಡಿಲ. ಕಾಲು ಸುತ್ತು ತಿರುಗಿಸಿದೆ. ಒಂದೆರಡು ದಿನ ಸರಿ ಇತ್ತು, ಮತ್ತೆ ಸಡಿಲ. ಮತ್ತೆ ಕಾಲು ಸುತ್ತು. ಹೀಗೇ ಮಳೆಗಾಲ ಪೂರ್ತಿ ನಡೆಯಿತು. ನಡುವೆ ಎಲ್ಲೋ ಸ್ಕ್ರೂ ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ "65 ಇಂಚ್-ಪೌಂಡ್" ಅಂತ ಓದಿದ್ದು ತಲೆಯಲ್ಲಿ ಕೂತಿತ್ತು. ಅದು ದೊಡ್ಡ ಬೋರಿನ ರೈಫಲ್‌ಗೆ, ಅದೂ ಮರದ ಬದಲು ಅಲ್ಯೂಮಿನಿಯಂ ಚಾಸಿ ಅಥವಾ ಸ್ಕ್ರೂ ತೂತಿನೊಳಗೆ ಪಿಲ್ಲರ್ ಅನ್ನುವ ಲೋಹದ ಕೊಳವೆ ಇದ್ದರೆ ಹೇಳುವ ಲೆಕ್ಕ ಅಂತ ನಾನು ನೋಡಲೇ ಇಲ್ಲ. ಅಳೆಯುವ ಸಾಧನವೂ ನನ್ನ ಹತ್ತಿರ ಇರಲಿಲ್ಲ. ಉದ್ದ ಹಿಡಿಯ ಸ್ಕ್ರೂಡ್ರೈವರ್, ನನ್ನ ಮುಂಗೈ, ಅಷ್ಟೇ.

ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಕಟ್ಟಿ, ಪೂಜೆ ಮಾಡಿ ಮೈದಾನಕ್ಕೆ ಹೋದೆ. ಮೂರು ಗುಂಡು, ಮೂರೂ ತೆಂಗಿನಕಾಯಿಯ ಪಕ್ಕದಲ್ಲಿ ಹೋದವು. ಬೋಲ್ಟ್ ಎಳೆಯಲೂ ಬಿರುಸು. ನನ್ನ ನಂತರ ಬಂದ ಹುಡುಗ ಎರಡನೇ ಗುಂಡಿಗೇ ಕಾಯಿ ಒಡೆದ. ನಾನು ಗಾಳಿಯ ಮೇಲೆ ತಪ್ಪು ಹೊರಿಸಿದೆ. ಗಾಳಿ ಇರಲಿಲ್ಲ ಅನ್ನುವುದು ಬೇರೆ ವಿಷಯ.

ಆಮೇಲೆ ಕೋವಿ ನೋಡಿದವರು ನಮ್ಮ ದೊಡ್ಡಪ್ಪ; ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿಯವರು ಆಗಿದ್ದವರು. ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೋಲ್ಟ್ ಕಳಚಿಟ್ಟರು. ಸ್ಟಾಕಿನ ಮುಂತುದಿಯೂ ಬ್ಯಾರಲ್ಲೂ ಸೇರುವ ಕಡೆ ಬೆರಳಿಟ್ಟುಕೊಂಡು "ಈಗ ಮುಂದಿನ ಸ್ಕ್ರೂ ಬಿಡು" ಅಂದರು. ಬಿಟ್ಟೆ. "ನಿನ್ನ ಬೆರಳಿಡು, ಮತ್ತೆ ಬಿಗಿ ಮಾಡ್ತೀನಿ" ಅಂದರು. ಬ್ಯಾರಲ್ಲಿಗೂ ಮರಕ್ಕೂ ನಡುವಿನ ಸಂದು ಬದಲಾಗುವುದು ಬೆರಳಿಗೇ ಗೊತ್ತಾಯಿತು! ಆಮೇಲೆ ಲೇತ್ ಅಂಗಡಿಯಿಂದ ಡಯಲ್ ಗೇಜ್ (ಕೂದಲೆಳೆಯಷ್ಟು ಅಲುಗಿದರೂ ಮುಳ್ಳು ತೋರಿಸುವ ಸಾಧನ) ತಂದು ಅಳೆದೆವು. ಮುಳ್ಳು 0.2 ಮಿಲಿಮೀಟರ್ ಓಡಿತು. ಒಳ್ಳೆಯ ಬೆಡ್ಡಿಂಗ್ ಆದರೆ 0.05ರ ಆಸುಪಾಸಿನಲ್ಲೇ ನಿಲ್ಲಬೇಕು. ಅಂದರೆ ನಾನು ಪ್ರತಿ ಸಲ ಬಿಗಿ ಮಾಡಿದಾಗಲೂ ಆಕ್ಷನ್ ಬಿಲ್ಲಿನ ಹಾಗೆ ಬಗ್ಗುತ್ತಿತ್ತು. ಬೋಲ್ಟ್ ಬಿರುಸಾಗಿದ್ದೂ ಅದಕ್ಕೇ.

ನನಗೆ ಹೊಳೆಯದೇ ಹೋದದ್ದು ಇದು. ಎಪಾಕ್ಸಿ ಇರುವುದು ಮೇಲೆ, ಆಕ್ಷನ್ ಕೂರುವ ಕಡೆ. ಸ್ಕ್ರೂ ತಲೆ ಎಳೆಯುವುದು ಕೆಳಗಿನಿಂದ, ಟ್ರಿಗರ್ ಗಾರ್ಡ್ ಕಡೆಯಿಂದ. ಎರಡರ ನಡುವೆ ಸಿಕ್ಕಿಕೊಂಡಿರುವುದು ಬರೀ ಮರ. ಹಾಸಿಗೆ ಎಷ್ಟೇ ಗಟ್ಟಿ ಇರಲಿ, ನಡುವಿನ ಮರ ಜಜ್ಜಿಹೋಗುತ್ತದೆ. ಜಜ್ಜಿದಷ್ಟೂ ಸ್ಕ್ರೂ ಸಡಿಲ, ಸಡಿಲವಾದಷ್ಟೂ ನಾವು ಇನ್ನಷ್ಟು ಬಿಗಿ. ಅದರ ಮೇಲೆ ನಮ್ಮ ಮಳೆ. ಜೂನ್‌ನಿಂದ ಮರ ನೀರು ಕುಡಿದು ಉಬ್ಬುತ್ತದೆ, ಫೆಬ್ರವರಿ ಮಾರ್ಚಿಗೆ ಒಣಗಿ ಕುಗ್ಗುತ್ತದೆ. ಬಿಚ್ಚಿ ನೋಡಿದಾಗ ಮುಂದಿನ ತೂತಿನ ಸುತ್ತ ಎಪಾಕ್ಸಿಯೂ ಸೀಳಿತ್ತು, ಕೆಳಗೆ ಮರ ಬಟ್ಟಲಿನ ಹಾಗೆ ತಗ್ಗಾಗಿತ್ತು. ಸ್ಕ್ರೂ ತಲೆಯ ಗೀರು ಕಿತ್ತುಹೋಗಿದ್ದು ಬೇರೆ.

ಬೇರೆ ಕಡೆ ಕೊಟ್ಟು ಪಿಲ್ಲರ್ ಹಾಕಿಸಿದೆ. ಸ್ಕ್ರೂ ಹಾದುಹೋಗುವ ಎರಡೂ ತೂತಿಗೆ ಅಲ್ಯೂಮಿನಿಯಂ ಕೊಳವೆ. ಈಗ ಲೋಹದ ಮೇಲೆ ಲೋಹ ಕೂರುತ್ತದೆ, ಒತ್ತಡ ಮರದ ಮೇಲೆ ಬೀಳುವುದಿಲ್ಲ. ಬೆಡ್ಡಿಂಗೂ ಹೊಸದಾಗಿ ಆಯಿತು. ಮೊದಲ ಸಲವೇ "ಪಿಲ್ಲರ್ ಹಾಕ್ತೀರಾ?" ಅಂತ ಒಂದು ಮಾತು ಕೇಳಿದ್ದರೆ ಎರಡು ಸಲ ದುಡ್ಡು ಕೊಡುವುದು ತಪ್ಪುತ್ತಿತ್ತು.

ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಸಾಧನ, ಕೊಳ್ಳುವಾಗಲೂ ಹುಷಾರು. ಕಾರ್ ಗ್ಯಾರೇಜಿನಿಂದ ಎರವಲು ತರಲು ಹೋಗಿದ್ದೆ. ಅದರ ಅಳತೆ ಶುರುವಾಗುವುದೇ 20 ನ್ಯೂಟನ್ ಮೀಟರ್‌ನಿಂದ, ಅಂದರೆ ಸುಮಾರು 177 ಇಂಚ್-ಪೌಂಡ್! ನಮಗೆ ಬೇಕಾದದ್ದು ಅದರ ಹತ್ತನೇ ಒಂದು ಪಾಲು. 20 ಇಂಚ್-ಪೌಂಡ್ ಅಂದರೆ ಬರೀ 2.3 ನ್ಯೂಟನ್ ಮೀಟರ್. ಕೊನೆಗೆ ಸ್ಕ್ರೂಡ್ರೈವರ್ ಆಕಾರದ ಚಿಕ್ಕದೊಂದನ್ನು ತರಿಸಿದೆ. ಸ್ಕ್ರೂವಿನ ಥ್ರೆಡ್‌ಗೆ ಎಣ್ಣೆ ಹತ್ತಿದ್ದರೆ ಅದೇ ಅಂಕಿಗೆ ಜಾಸ್ತಿ ಎಳೆಯುತ್ತದೆ. ಹಾಗಾಗಿ ಪ್ರತಿ ಸಲ ಒರೆಸಿಯೇ ಹಾಕುತ್ತೇನೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಮುಂದಿನದು ಅರ್ಧ, ಹಿಂದಿನದು ಅರ್ಧ, ಆಮೇಲೆ ಎರಡೂ ಪೂರ್ತಿ.

15 ಇಂಚ್-ಪೌಂಡ್‌ನಿಂದ ಶುರು ಮಾಡಿ ಒಂದೊಂದು ಅಳತೆಗೂ ಐದೈದು ಗುಂಡು ಹೊಡೆದು ನೋಡಿದೆ. ನನ್ನ ಕೋವಿಗೆ 18 ಒಗ್ಗಿತು. ನಿಮ್ಮದಕ್ಕೆ ಬೇರೆ ಇರಬಹುದು, ನನ್ನ ಅಂಕಿಯನ್ನು ಸುಮ್ನೆ ನಕಲು ಮಾಡಬೇಡಿ. ತಯಾರಕರು ಹೇಳಿದ ಅಂಕಿ ಇದ್ದರೆ ಅದನ್ನು ದಾಟಬೇಡಿ.

ಬೀರುವಿನ ಬಾಗಿಲಿನ ಒಳಗಡೆ ಚೀಟಿ ಅಂಟಿಸಿದ್ದೇನೆ: ಮುಂದೆ 18, ಹಿಂದೆ 18, ನೋಡಿದ ತಾರೀಕು. ಆ ಉದ್ದ ಹಿಡಿಯ ಸ್ಕ್ರೂಡ್ರೈವರನ್ನು ದೊಡ್ಡಪ್ಪ ಅವತ್ತೇ ತಮ್ಮ ಮನೆಗೆ ತೆಗೆದುಕೊಂಡು ಹೋದರು. ಇನ್ನೂ ವಾಪಸ್ ಕೊಟ್ಟಿಲ್ಲ.