ನಾಲ್ಕು ಗಂಟೆಯ ಐದು ನಿಮಿಷ: ನಮ್ಮ ಆಫೀಸಿನ ವೈ-ಬ್ರೇಕ್

ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ನನ್ನ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಊಟಕ್ಕೆ, ಟೀಗೆ ಬಿಟ್ಟು ಏಳುವುದಿಲ್ಲ. ಕಳೆದ ವರ್ಷ ನನ್ನ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ಶೇ 6.1 ಬಂತು. ‘6.5 ಆದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ, ಈಗಲೇ ಎಚ್ಚೆತ್ಕೊಳ್ಳಿ’ ಅಂದರು ಡಾಕ್ಟರ್.

ಅದಕ್ಕೂ ಮೊದಲು ಆಫೀಸಿನಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಸ್ಪರ್ಧೆ ಇಟ್ಟಿದ್ದರು. ಮೊದಲಿಂದಲೂ ಓಡುವ ಇಬ್ಬರು ಹುಡುಗರಿಗೇ ಬಹುಮಾನ ಹೋಯಿತು. ಮೂರು ಮಹಡಿ ಗುಡಿಸಿ ಒರೆಸುವ ಹೌಸ್‌ಕೀಪಿಂಗ್ ಅಕ್ಕನ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಅವರ ಹೆಜ್ಜೆ ಲೆಕ್ಕಕ್ಕೇ ಬರಲಿಲ್ಲ. ನನಗದು ಇವತ್ತಿಗೂ ಬೇಸರ.

ಆಮೇಲೆ ಬಂದದ್ದು ವೈ-ಬ್ರೇಕ್. ಕೂತು ಕೆಲಸ ಮಾಡುವವರಿಗೆಂದೇ ಆಯುಷ್ ಸಚಿವಾಲಯ 2021ರಲ್ಲಿ ತಂದ ಯೋಗದ ಆ್ಯಪ್. ತಾಡಾಸನ, ಭುಜ ತಿರುಗಿಸುವ ಸ್ಕಂಧಚಕ್ರ, ಸೊಂಟ ತಿರುಗಿಸುವ ಕಟಿಚಕ್ರಾಸನ, ಕೊನೆಗೆ ನಾಡಿಶೋಧನ, ಭ್ರಾಮರಿ ಎಂಬ ಪ್ರಾಣಾಯಾಮಗಳು, ಧ್ಯಾನ. ಎಲ್ಲ ಸೇರಿ ಐದೇ ನಿಮಿಷ. ಚಾಪೆ ಬೇಡ, ಬೆವರುವುದಿಲ್ಲ. ಕಾಲು ಅಗಲಿಸಿ ಬಗ್ಗುವ ಆಸನವೊಂದು ಸೀರೆಯಲ್ಲಿ ಆಗುವುದಿಲ್ಲ, ಅದನ್ನು ಬಿಡುತ್ತೇನೆ. ಹತ್ತು ದಿನದಲ್ಲಿ ಕ್ರಮ ಬಾಯಿಪಾಠವಾಯಿತು, ಈಗ ಫೋನ್ ನೋಡುವುದೇ ಇಲ್ಲ. ಹೌಸ್‌ಕೀಪಿಂಗ್ ಅಕ್ಕನೂ ನನ್ನ ಪಕ್ಕ ನಿಲ್ಲುತ್ತಾರೆ. ‘ಕೈ ಮೇಲೆತ್ತಿ ನಿಂತ್ರೆ ಬೆನ್ನು ಬಿಟ್ಟಂಗಾಯ್ತದೆ ಮೇಡಂ’ ಅನ್ನುತ್ತಾರೆ.

ಆದರೆ ಇಷ್ಟು ಮುಗಿಸಿ ತಿರುಗಿದರೆ ಎದುರಿಗೆ ಬೋಂಡಾ ತಟ್ಟೆ! ನಾವು ನಾಲ್ಕೈದು ಜನ ಹೋಗಿ ಕೇಳಿದ ಮೇಲೆ ವಾರಕ್ಕೆ ಮೂರು ದಿನ ಕಡಲೆಕಾಳು ಉಸಲಿ ಶುರುವಾಯಿತು. ಮೊದಲ ವಾರ ಕಾಳು ಕಲ್ಲಿನಂತಿತ್ತು, ಅರ್ಧಕ್ಕರ್ಧ ಉಳಿಯಿತು. ‘ಅಣ್ಣಾ, ಹಿಂದಿನ ರಾತ್ರಿಯೇ ನೆನೆಹಾಕಿ’ ಎಂದು ಕ್ಯಾಂಟೀನಿನವರಿಗೆ ಹೇಳಿದೆ. ಈಗ ಇಂಗು, ಕರಿಬೇವಿನ ಒಗ್ಗರಣೆ, ಮೇಲೊಂದಿಷ್ಟು ಕಾಯಿತುರಿ, ನಿಂಬೆಹುಳಿ ಬಿದ್ದು ದೊನ್ನೆಯಲ್ಲಿ ಬಿಸಿಬಿಸಿ ಬರುತ್ತದೆ. ತಡವಾಗಿ ಹೋದವರಿಗೆ ಸಿಗುವುದಿಲ್ಲ.

ಎಂಟು ತಿಂಗಳ ಮೇಲೆ ನನ್ನ ಸಂಖ್ಯೆ 5.8. ರಾತ್ರಿ ಊಟದ ನಂತರ ನಡೆಯುವುದನ್ನೂ ರೂಢಿ ಮಾಡಿಕೊಂಡಿದ್ದೇನೆ, ಹಾಗಾಗಿ ಪೂರ್ತಿ ಶ್ರೇಯಸ್ಸು ಆಫೀಸಿಗೆ ಕೊಡಲಾರೆ. ಆದರೂ ಬೇರೆ ಕಚೇರಿಯವರು ಕೇಳಿದರೆ ಬಹುಮಾನದ ದುಡ್ಡನ್ನು ಕಾಳಿಗೆ ಹಾಕಿ ಅನ್ನುತ್ತೇನೆ. ಟೀ ಮಾತ್ರ ಇನ್ನೂ ಸಕ್ಕರೆ ಬೆರೆಸಿಯೇ ಬರುತ್ತಿದೆ. ಸಪ್ಪೆ ಟೀಗೆ ಬೇರೆ ಫ್ಲಾಸ್ಕ್ ಬೇಕೆಂದು ಸೋಮವಾರ ಬರೆದುಕೊಟ್ಟಿದ್ದೇನೆ.