ತೊಗರಿ ನಾಡಿನ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಕಡಲು

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಈ ಹಳೆಯ ಪುಸ್ತಕದಂಗಡಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆಂದು ಹೋದ ನಾನು, ಸರ್ಫಿಂಗ್ (ಹಲಗೆಯ ಮೇಲೆ ನಿಂತು ಕಡಲ ಅಲೆಗಳನ್ನೇರುವ ಕ್ರೀಡೆ) ಪತ್ರಿಕೆಗಳ ಒಂದು ಕಟ್ಟನ್ನು 200 ರೂಪಾಯಿಗೆ ಕೊಂಡು ತಂದೆ. ಕಡಲೇ ಇಲ್ಲದ ಈ ಊರಿಗೆ ಅವು ಹೇಗೆ ಬಂದವೆಂಬುದು ಮಾಲೀಕರಿಗೂ ತಿಳಿಯದು. 1975ರಲ್ಲಿ ಪೀಟರ್ ಟ್ರಾಯ್, ಕೆವಿನ್ ಲೊವೆಟ್ ಮತ್ತು ಜಾನ್ ಗೀಸೆಲ್ ಎಂಬ ಮೂವರು ಆಸ್ಟ್ರೇಲಿಯನ್ನರು, ಅಲೆಗಳ ಮುನ್ಸೂಚನೆಯ ಯಾವ ನೆರವೂ ಇಲ್ಲದೆ, ಇಂಡೋನೇಷ್ಯಾದಲ್ಲಿ ಸುಮಾತ್ರಾದ ಪಶ್ಚಿಮಕ್ಕಿರುವ ನಿಯಾಸ್ ದ್ವೀಪದ ಲಗುಂದ್ರಿ ಕೊಲ್ಲಿಯನ್ನು ಹುಡುಕಿಕೊಂಡು ಹೋಗಿ, ಮಲೇರಿಯಾ ಕಾಡುತ್ತಿದ್ದ ಆ ತೀರದಲ್ಲಿ ಸವಾರನ ಬಲಕ್ಕೆ ಹೊರಳುವ ಅಪೂರ್ವ ಅಲೆಯನ್ನು ಕಂಡುಕೊಂಡದ್ದನ್ನು ಮೆಲುಕು ಹಾಕುವ ಲೇಖನವೊಂದೇ ಕೊಟ್ಟ ಹಣಕ್ಕೆ ಸಾಕು. ಮೊಬೈಲಿನಲ್ಲಿ ಅಲೆಯ ಎತ್ತರ ನೋಡಿಕೊಂಡು ಸರ್ಫಿಂಗ್‌ಗೆಂದು ಕರಾವಳಿಯ ಮೂಲ್ಕಿಗೆ ಹೊರಡುವ ನನಗೆ ಆ ಅನಿಶ್ಚಿತತೆಯ ಮೇಲೆ ಅಸೂಯೆಯೇ ಹುಟ್ಟಿತು. ಅಂಗಡಿಯಲ್ಲಿ ಧೂಳು ವಿಪರೀತ. ಕೆಲವು ಪುಟಗಳನ್ನು ಗೆದ್ದಲು ತಿಂದಿರುವುದರಿಂದ, ಕಟ್ಟನ್ನು ಬಿಚ್ಚಿ ನೋಡಿಯೇ ಕೊಳ್ಳಬೇಕು.