ಸೆನ್ಸರ್ ಸುಮ್ಮನಾದಾಗ ಸುಳ್ಳು ಹೇಳದ ತಂತ್ರಾಂಶ: ವೀಡಬ್ಲ್ಯೂಎಕ್ಸ್ ಜೊತೆ ಕೆಲವು ವರ್ಷ

ಮನೆಯ ಹವಾಮಾನ ಕೇಂದ್ರದ ಲೆಕ್ಕ ಇಡೋಕೆ ಕೆಲವು ವರ್ಷಗಳಿಂದ ವೀಡಬ್ಲ್ಯೂಎಕ್ಸ್ (WeeWX) ಎಂಬ ತಂತ್ರಾಂಶ ಬಳಸುತ್ತಿದ್ದೇನೆ. ಉಚಿತ, ಓಪನ್ ಸೋರ್ಸ್, ಪೈಥಾನ್‌ನಲ್ಲಿ ಬರೆದದ್ದು. ಗ್ರಾಫ್ ಚೆನ್ನಾಗಿವೆ, ಸರಿ. ನನಗೆ ಹಿಡಿಸಿದ್ದು ಮಾತ್ರ ರೀಡಿಂಗ್ ಬಾರದಿದ್ದಾಗ ಇದು ನಡೆದುಕೊಳ್ಳುವ ರೀತಿ.

ಹೊರಗಿನ ಸೆನ್ಸರ್ ಆಗಾಗ ಕೈಕೊಡುತ್ತದೆ. ಬ್ಯಾಟರಿ ಇಳಿದಿರುತ್ತದೆ, ಇಲ್ಲಾ ಸಿಗ್ನಲ್ ಗೋಡೆ ದಾಟಿರುವುದಿಲ್ಲ. ನಾನು ಮೊದಲು ಬಳಸುತ್ತಿದ್ದ ಆ್ಯಪ್ ಅಂಥ ಹೊತ್ತಲ್ಲಿ 0 ಬರೆದುಬಿಡುತ್ತಿತ್ತು. ಸುಡು ಮಧ್ಯಾಹ್ನ ಸೊನ್ನೆ ಡಿಗ್ರಿ! ಆ ತಿಂಗಳ ಕನಿಷ್ಠ ಉಷ್ಣಾಂಶವೂ ಅದೇ. ವೀಡಬ್ಲ್ಯೂಎಕ್ಸ್ ಆ ಜಾಗವನ್ನು 'ನಲ್' ಎಂದು ಖಾಲಿ ಬಿಡುತ್ತದೆ, ಸರಾಸರಿಗೂ ಸೇರಿಸುವುದಿಲ್ಲ.

ಆದರೆ ಸೆನ್ಸರೇ 0 ಕಳಿಸಿದರೆ? ಅದಕ್ಕೊಂದು ಜರಡಿ ಇದೆ. ಮಿತಿ ದಾಟಿದ ಅಂಕಿಯನ್ನು ಖಾಲಿ ಮಾಡುತ್ತದೆ. ವಾಯುಭಾರ 0 ಬಂದರೆ ಸಿಕ್ಕಿಬೀಳುತ್ತದೆ. ಉಷ್ಣಾಂಶ 0 ಬಂದರೆ ಆರಾಮಾಗಿ ಪಾಸು, ಯಾಕಂದ್ರೆ ಮೊದಲೇ ಕೊಟ್ಟಿರುವ ಮಿತಿ ಮೈನಸ್ 40ರಿಂದ ಶುರುವಾಗುತ್ತದೆ. ಹಿಮ ಕಾಣದ ಜಾಗದಲ್ಲಿರುವವರು ಇದನ್ನು ಮೊದಲ ದಿನವೇ ಬಿಗಿ ಮಾಡಿಕೊಳ್ಳಿ.

ಮಳೆಯದ್ದು ಬೇರೆ ಕಥೆ. ಮಳೆಮಾಪಕದ ಎಣಿಕೆ ಏರುತ್ತಲೇ ಹೋಗುತ್ತದೆ, ತಂತ್ರಾಂಶ ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ತೆಗೆಯುತ್ತದೆ. ಸಿಗ್ನಲ್ ಒಂದು ಗಂಟೆ ಹೋಗಿ ಮರಳಿತು ಅನ್ನಿ. ಆ ಗಂಟೆಯಲ್ಲಿ ಬಿದ್ದ 18 ಮಿ.ಮೀ. ಅಷ್ಟೂ, ತಂತ್ರಾಂಶ 5 ನಿಮಿಷಕ್ಕೊಮ್ಮೆ ಬರೆಯುವ ದಾಖಲೆಯ ಮುಂದಿನ ಒಂದೇ ಸಾಲಿಗೆ ಬಂದು ಕೂರುತ್ತದೆ. ದಿನದ ಮೊತ್ತ ಸರಿಯೇ, ಆದರೆ ಗಂಟೆಗೆ 216 ಮಿ.ಮೀ. ವೇಗದಲ್ಲಿ ಸುರಿದಂತೆ ಕಾಣುತ್ತದೆ. ನಾನು ಮೊತ್ತ ಮುಟ್ಟಲ್ಲ, ವೇಗದ ದಾಖಲೆ ಮಾತ್ರ ಅಳಿಸುತ್ತೇನೆ.

ಉಷ್ಣಾಂಶದಲ್ಲಿ ಒಂದೆರಡು ಸಾಲು ಹೋದರೆ ಅಕ್ಕಪಕ್ಕದ ಅಂಕಿ ನೋಡಿ ತುಂಬಿದರೂ ನಡೆಯುತ್ತದೆ. ಇಡೀ ಮಧ್ಯಾಹ್ನವೇ ಹೋಗಿದ್ದರೆ ಬೇಡ. ಉಳಿದದ್ದು ಬೆಳಗ್ಗೆ, ರಾತ್ರಿಯ ರೀಡಿಂಗ್ ಮಾತ್ರ, ಸರಾಸರಿ ತಣ್ಣಗೇ ಬರುತ್ತದೆ ಅಲ್ವಾ? ಗರಿಷ್ಠವಂತೂ ಸಿಗುವುದೇ ಇಲ್ಲ. ಇಂಥ ಸರಾಸರಿಗೆ ತಂತ್ರಾಂಶ ಯಾವ ಗುರುತೂ ಹಾಕುವುದಿಲ್ಲ, ಅದು ನನಗೆ ಹಿಡಿಸದ ಸಂಗತಿ. ವಿಶ್ವ ಹವಾಮಾನ ಸಂಸ್ಥೆಯ 2017ರ ಮಾರ್ಗದರ್ಶಿ ಪ್ರಕಾರ ತಿಂಗಳಲ್ಲಿ 11 ದಿನ, ಅಥವಾ ಸತತ 5 ದಿನ ಮಾಹಿತಿ ಇಲ್ಲದಿದ್ದರೆ ತಿಂಗಳ ಸರಾಸರಿ ತೆಗೆಯಬಾರದು. ನಾನೂ ಅದನ್ನೇ ಪಾಲಿಸುತ್ತೇನೆ.

ಗಾಳಿಯ ದಿಕ್ಕನ್ನು ಊಹಿಸಿ ತುಂಬಲೇಬೇಡಿ. 350 ಮತ್ತು 10 ಡಿಗ್ರಿಯ ನಡುವಿನದ್ದು ಉತ್ತರ ದಿಕ್ಕು. ಸುಮ್ನೆ ಕೂಡಿ ಭಾಗಿಸಿದರೆ 180, ಅಂದ್ರೆ ದಕ್ಷಿಣ!

ಕಮಾಂಡ್ ಲೈನ್ (ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವುದು) ಅಂದ್ರೆ ಅಲರ್ಜಿ ಇರುವವರಿಗೆ ಈ ತಂತ್ರಾಂಶ ಕಷ್ಟ. ಡೇಟಾಬೇಸ್‌ನಲ್ಲಿ ತಪ್ಪು ಅಂಕಿ ಅಳಿಸಿದರೂ ದಿನದ ಸಾರಾಂಶದಲ್ಲಿ ಹಳೆಯ ಗರಿಷ್ಠ, ಕನಿಷ್ಠ ಹಾಗೇ ಉಳಿಯುತ್ತದೆ. ಸಾರಾಂಶವನ್ನು ಮತ್ತೆ ಕಟ್ಟುವ ಆಜ್ಞೆ ಕೊಡಬೇಕು. ಅದಕ್ಕೂ ಮುಂಚೆ ಫೈಲಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.